ಗೇಣುದ್ದದ ಜೀಪು

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಮೆಡಿಕಲ್ ಶಾಪಿನ ಮೇಲಿನ ಕೋಣೆಯಲ್ಲಿ ನಾನು ಹಲ್ಲಿನ ಸೆಟ್ಟು ಮಾಡುತ್ತೇನೆ. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಆ ಅಚ್ಚಿಗೆ ಸರಿಯಾಗಿ ಗುಲಾಬಿ ಬಣ್ಣದ ವಸಡು ಮಾಡಿ ಅದರಲ್ಲಿ ಹಲ್ಲು ಕೂರಿಸಿ ಕೊಡುವುದು ನನ್ನ ಕೆಲಸ. ಪಿರಿಯಾಪಟ್ಟಣದಿಂದಲೂ ಕೆ.ಆರ್. ನಗರದಿಂದಲೂ ಅಚ್ಚುಗಳು ಡಬ್ಬಿಯಲ್ಲಿ ಕೂತು ಬಸ್ಸಿನಲ್ಲಿ ಬರುತ್ತವೆ. ಕಂಡಕ್ಟರು ಕೆಳಗಿನಿಂದ ‘ಅಮ್ಮಾ, ನಿಮ್ ಹಲ್ಲು ಬಂತು’ ಎಂದು ಕೂಗಿದಾಗ ಬೀದಿಯವರೆಲ್ಲ ನನ್ನ ಬಾಯಿ ನೋಡುತ್ತಾರೆ. ನನ್ನ ಬಾಯಲ್ಲಿರುವುದು ನನ್ನವೇ, ಎರಡು ಬಿಟ್ಟು.

ಇದು ಹೊಟ್ಟೆಪಾಡಿನ ಮಾತಾಯಿತು. ಹುಚ್ಚಿನ ಮಾತು ಬೇರೆ. ನನ್ನ ಹುಚ್ಚು ಕಾರು, ಜೀಪು, ವ್ಯಾನು. ಓಡಿಸುವ ಗಾಡಿಗಳಲ್ಲ. ನಿಜವಾದ ಗಾಡಿಯ ಅಳತೆ ತೆಗೆದು, ಒಂದೊಂದು ಅಳತೆಯನ್ನೂ ಹದಿನೆಂಟರಿಂದ ಭಾಗಿಸಿ, ಅಷ್ಟಕ್ಕೇ ಇಳಿಸಿ ಕೈಯಲ್ಲಿ ಮಾಡಿದ ಗೇಣುದ್ದದ ಗಾಡಿಗಳು. ಬಾಗಿಲು ತೆರೆಯಬೇಕು. ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಚಕ್ರ ತಿರುಗಬೇಕು. ಸೀಟಿನ ರೆಕ್ಸಿನ್ ನಿಜವಾದ ಗಾಡಿಯಲ್ಲಿ ಎಲ್ಲಿ ಹರಿದಿದೆಯೋ ಇಲ್ಲೂ ಅಲ್ಲೇ ಹರಿದಿರಬೇಕು. ಹಲ್ಲು ಮಾಡುವ ಮೇಣ, ಪ್ಲಾಸ್ಟರು, ವಸಡಿನ ಗುಲಾಬಿ ಪುಡಿ, ಉಜ್ಜುವ ಸಣ್ಣ ಮೋಟಾರು ಎಲ್ಲವೂ ಇದಕ್ಕೂ ಆಗುತ್ತವೆ. ಐವತ್ತು ದಾಟಿದ ಹೆಂಗಸು ಭಾನುವಾರವಿಡೀ ಬಾಗಿಲು ಹಾಕಿಕೊಂಡು ಆಟದ ಕಾರು ಉಜ್ಜುತ್ತಾಳೆ ಎಂದರೆ ನೆಂಟರು ಸುಮ್ಮನಿರುತ್ತಾರೆಯೇ? ‘ಕಾಲಕ್ ಸರ್ಯಾಗಿ ಮದ್ವೆ ಆಗಿದ್ರೆ ಈಗ ಮೊಮ್ಮಗೀಗೆ ಕೊಡ್ಬೋದಿತ್ತು’ ಎಂದು ನಮ್ಮ ಚಿಕ್ಕಮ್ಮ ಒಮ್ಮೆ ಅಂದರು. ಮೊಮ್ಮಗ ಇದ್ದಿದ್ದರೂ ಮುಟ್ಟಲು ಬಿಡುತ್ತಿರಲಿಲ್ಲ ಎಂದೆ. ಆಮೇಲೆ ಅವರು ಆ ಮಾತು ಎತ್ತಿಲ್ಲ.

ಇದನ್ನು ಹುಚ್ಚು ಅನ್ನದೆ ಇದ್ದವನು ನಮ್ಮಣ್ಣ ಒಬ್ಬನೇ. ನನಗಿಂತ ಆರು ವರ್ಷಕ್ಕೆ ದೊಡ್ಡವನು. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಮನೆ, ಅಪ್ಪನ ಕಾಲದ ಹೊಲದಲ್ಲಿ ಹೊಗೆಸೊಪ್ಪು, ಜೋಳ. ಬೇಸಾಯವನ್ನು ಹೆಚ್ಚಾಗಿ ನೋಡಿಕೊಂಡವಳು ಅತ್ತಿಗೆ. ಅಣ್ಣನ ಜೀವ ಇದ್ದದ್ದು ಜೀಪಿನಲ್ಲಿ. ಹಾರನಹಳ್ಳಿಯಿಂದ ಪಿರಿಯಾಪಟ್ಟಣಕ್ಕೆ ದಿನಕ್ಕೆ ಐದಾರು ಟ್ರಿಪ್ಪು ಹೊಡೆಯುವ ಹಸಿರು ಜೀಪು ಅದು. ಹೊಗೆಸೊಪ್ಪಿನ ಹರಾಜಿಗೆ ಹೋಗುವ ರೈತರು, ಕಾಲೇಜು ಹುಡುಗಿಯರು, ಕೋಳಿ, ಕುರಿ, ಹಾಲಿನ ಕ್ಯಾನು ಎಲ್ಲವೂ ಅದರಲ್ಲೇ. ಒಳಗೆ ಹಿಡಿಸದವರು ಹಿಂದಿನ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು. ನಿಂತು ನಿಂತು ಆ ಮೆಟ್ಟಿಲು ಒಂದು ಕಡೆ ಬಗ್ಗಿಯೇ ಹೋಗಿತ್ತು.

ನಾನು ಮೊದಲು ಮಾಡಿದ್ದು ಮೈಸೂರಿನಿಂದ ತಂದ ಡಬ್ಬಿ ಕಿಟ್ಟಿನ ಕಾರು. ತುಂಡುಗಳನ್ನು ಅಂಟಿಸಿ ಬಣ್ಣ ಬಳಿದರೆ ಮುಗಿಯಿತು. ನೆಲಕ್ಕೆ ಅಂಟಿಕೊಂಡಂತಿದ್ದ ಕೆಂಪು ರೇಸ್ ಕಾರು, ನಮ್ಮ ಕಡೆ ಯಾರೂ ಕಣ್ಣಲ್ಲಿ ಕಂಡದ್ದಲ್ಲ. ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ, ‘ಇದ್ರಲ್ಲಿ ಎಷ್ಟ್ ಜನ ಕೂರ್ಬೋದು?’

‘ಒಬ್ರೇ.’

‘ಒಬ್ರಾ? ಅಂಗಾದ್ರೆ ಡೀಸೆಲ್ ದುಡ್ಡೂ ಉಟ್ಟಾಕಿಲ್ಲ ಬುಡು.’

ಅವನು ಹಾಸ್ಯಕ್ಕೆ ಅಂದನೋ ನಿಜಕ್ಕೂ ಲೆಕ್ಕ ಹಾಕಿದನೋ ಗೊತ್ತಿಲ್ಲ. ಆಮೇಲೆ ಕಿಟ್ಟು ಕೊಳ್ಳುವುದನ್ನು ಬಿಟ್ಟು ನಮ್ಮ ರಸ್ತೆಯ ಗಾಡಿಗಳನ್ನೇ ಮಾಡತೊಡಗಿದೆ. ಕೆ.ಆರ್. ನಗರದ ಡಾಕ್ಟರ ಹಳೆಯ ಬಿಳಿ ಕಾರು, ಬೇಕರಿಯ ವ್ಯಾನು, ಹಾಲಿನ ಟೆಂಪೊ. ಮುಗಿದ ಪ್ರತಿಯೊಂದನ್ನೂ ಅಣ್ಣನ ಮುಂದೆ ಇಡಬೇಕು. ಅವನು ಲುಂಗಿ ಎತ್ತಿಕಟ್ಟಿ ಉದ್ದಕ್ಕೆ ನೆಲದ ಮೇಲೆ ಮಲಗುತ್ತಿದ್ದ, ಕೆನ್ನೆಯನ್ನು ನೆಲಕ್ಕೆ ಇಟ್ಟು, ಒಂದು ಕಣ್ಣು ಮುಚ್ಚಿ, ರಸ್ತೆಯ ಮೇಲೆ ಗಾಡಿ ಬರುವುದನ್ನು ನೋಡುವ ಹಾಗೆ ನೋಡುತ್ತಿದ್ದ. ‘ಎಡಗಡೆ ಇಂದಿನ್ ಚಕ್ರ ನೆಲ ಮುಟ್ಟಿಲ್ಲ ಕಣವ್ವ’ ಅನ್ನುತ್ತಿದ್ದ. ಬಸ್ ಟಿಕೇಟನ್ನು ಚಕ್ರದ ಕೆಳಗೆ ತೂರಿಸಿ ತೋರಿಸುತ್ತಿದ್ದ. ಟಿಕೇಟು ಆ ಕಡೆಯಿಂದ ಸಲೀಸಾಗಿ ಹೊರಗೆ ಬರುತ್ತಿತ್ತು. ನನಗೆ ಮೈ ಉರಿಯುತ್ತಿತ್ತು, ಆದರೂ ಅವನು ಹೇಳಿದ್ದೇ ಸರಿ.

ಅವನೇ ಒಂದು ಪದ್ಧತಿಯನ್ನೂ ತಂದ. ಹೊಸ ಗಾಡಿಗೆ ಪೂಜೆಯಾಗದೆ ಯಾರೂ ಹತ್ತಬಾರದು, ಚಕ್ರದ ಕೆಳಗಿನ ನಿಂಬೆಹಣ್ಣು ಒಡೆದ ಮೇಲೆಯೇ ಗಾಡಿ ನಮ್ಮದು ಎಂದು ನಮ್ಮ ಕಡೆಯ ಡ್ರೈವರುಗಳ ಕಟ್ಟುನಿಟ್ಟು. ಗೇಣುದ್ದದ ಗಾಡಿಗೆ ನಿಂಬೆಹಣ್ಣು ಇಟ್ಟರೆ ಗಾಡಿಯೇ ಉರುಳುತ್ತದೆ. ಅಣ್ಣ ಹಿತ್ತಲಿಗೆ ಹೋಗಿ ನಾಲ್ಕು ಸುಂಡೆಕಾಯಿ ಕಿತ್ತು ತಂದ, ಕಡಲೆಕಾಳಿಗಿಂತ ವಸಿ ದಪ್ಪ ಇರುತ್ತದಲ್ಲ, ಅದನ್ನು ಚಕ್ರಕ್ಕೊಂದು ಇಟ್ಟ. ಬಾನೆಟ್ಟಿಗೆ ಕುಂಕುಮದ ಚುಕ್ಕಿ ಇಟ್ಟು ಬೆರಳಲ್ಲಿ ಒತ್ತಿದ. ನಾಲ್ಕೂ ಪಟ್ ಎಂದವು. ಅಲ್ಲಿಂದ ನನಗೂ ಅದೇ ನೇಮವಾಯಿತು. ಕೆಲಸ ಪೂರಾ ಮುಗಿಯಬೇಕು, ಪೂಜೆ ಆಗಬೇಕು, ಅಲ್ಲಿಯವರೆಗೆ ಗಾಡಿಯನ್ನು ಯಾರ ಕಣ್ಣಿಗೂ ತೋರಿಸಬಾರದು. ನೇಮ ಎಂದೆ. ಜಂಬ ಎಂದರೂ ನಡೆಯುತ್ತದೆ.

ಸಕ್ಕರೆ ಕಾಯಿಲೆ ಅಣ್ಣನಿಗೆ ನಲವತ್ತೈದಕ್ಕೇ ಬಂದಿತ್ತು. ಮಾತ್ರೆ ನುಂಗುತ್ತಿದ್ದ, ಟ್ರಿಪ್ಪಿನ ನಡುವೆ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಕ್ಕರೆ ಹಾಕಿದ ಟೀಯನ್ನೂ ಕುಡಿಯುತ್ತಿದ್ದ. ಬೈದರೆ ‘ಮಾತ್ರೆ ತಕಂಡಿವ್ನಲ್ಲ, ಅದ್ಕೂ ಕೆಲ್ಸ ಬ್ಯಾಡ್ವಾ’ ಅನ್ನುತ್ತಿದ್ದ. ಒಂದೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಗಾಡಿ ಓಡಿಸುವಾಗ ಎಡಗಣ್ಣಿನ ಮುಂದೆ ಕಪ್ಪು ನೂಲು ತೇಲಾಡಿತಂತೆ. ಗಾಜಿಗೆ ಏನೋ ಅಂಟಿದೆ ಎಂದು ಎರಡು ಸಲ ವೈಪರ್ ಹಾಕಿದನಂತೆ. ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ಕಣ್ಣಿನೊಳಗೆ ರಕ್ತ ಸೋರಿದೆ, ಎಡಗಣ್ಣು ಇನ್ನು ಬರುವುದಿಲ್ಲ, ಬಲಗಣ್ಣಿಗೆ ಲೇಸರ್ ಹಾಕಿ ನೋಡೋಣ, ಅದೂ ಎಷ್ಟು ದಿನ ನಿಲ್ಲುತ್ತದೋ ಹೇಳಲಾರೆವು ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಣ್ಣ ಅವರನ್ನು ಕೇಳಿದ್ದು ಒಂದೇ, ಗಾಡಿ ಓಡಿಸಬಹುದಾ ಎಂದು.

ಜೀಪು ಹೋಯಿತು. ಎಚ್.ಡಿ. ಕೋಟೆಯವನೊಬ್ಬ ಬಂದು ತೆಗೆದುಕೊಂಡ, ಅಲ್ಲಿ ಕಾಡಂಚಿನ ಆದಿವಾಸಿ ಹಾಡಿಗಳಿಗೆ ಟ್ರಿಪ್ಪು ಹೊಡೆಯುವುದಕ್ಕೆ. ಅದು ಹೋದ ವಾರ ನಾನು ಹಾರನಹಳ್ಳಿಗೆ ಹೋಗಿದ್ದೆ. ಮನೆ ಮುಂದೆ ಜೀಪು ನಿಲ್ಲುತ್ತಿದ್ದ ಜಾಗದಲ್ಲಿ ಆಯಿಲ್ ಬಿದ್ದು ಕಪ್ಪಾದ ನೆಲ. ಅಣ್ಣ ಜಗಲಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದ. ಅಲ್ಲಿಂದ ಕಣ್ಣು ತೆಗೆಯದೆ ಹೇಳಿದ:

‘ಊರವ್ರ್ ಗಾಡಿಯೆಲ್ಲ ಮಾಡ್ದೆ. ನಂದೊಂದ್ ಮಾಡ್ಕೊಡವ್ವ. ಈ ಕಣ್ಣಿರೋವಾಗ್ಲೆ ಒಂದ್ಸಲ ನೋಡ್ಬುಡ್ತೀನಿ.’

ನಾನು ಹುಟ್ಟಿದಾಗಿನಿಂದ ಅಣ್ಣ ನನ್ನನ್ನು ಏನೂ ಕೇಳಿದವನಲ್ಲ. ಕೊಟ್ಟವನೇ. ಮಾಡಿಕೊಡುತ್ತೇನೆ ಎಂದೆ. ಇದುವರೆಗೂ ಯಾರೂ ಮಾಡದಂಥ ಜೀಪು ಮಾಡಿಕೊಡುತ್ತೇನೆ ಎಂದು ಮನಸ್ಸಿನಲ್ಲೇ ಸೇರಿಸಿಕೊಂಡೆ. ಆ ಸೇರಿಸಿಕೊಂಡ ಮಾತೇ ನನ್ನನ್ನು ಹಾಳು ಮಾಡಿದ್ದು.

ಮುಂದಿನ ಭಾನುವಾರವೇ ಅಳತೆ ಟೇಪು, ನೋಟ್‌ಬುಕ್ಕು ಹಿಡಿದು ಎಚ್.ಡಿ. ಕೋಟೆ ಬಸ್ಸು ಹತ್ತಿದೆ. ಹೊಸ ಮಾಲೀಕ ಜೀಪಿಗೆ ನೀಲಿ ಬಣ್ಣ ಹೊಡೆಸಿಬಿಟ್ಟಿದ್ದ. ನಾನು ಟೇಪು ಹಿಡಿದು ಚಕ್ರದಿಂದ ಚಕ್ರಕ್ಕೆ ಅಳೆಯುವುದನ್ನು ನೋಡಿ ಪಾಪ ಹೆದರಿದ. ‘ಯಾವ್ ಇಲಾಖೆ ಮೇಡಂ?’ ಎಂದ. ಹಲ್ಲಿನ ಇಲಾಖೆ ಎಂದೆ. ವಿಷಯ ತಿಳಿದ ಮೇಲೆ ಅವನೇ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡ. ಎಡಗಡೆ ಮಡ್ಗಾರ್ಡಿನ ಮೇಲಿನ ತಗ್ಗನ್ನು ಅವನು ಎತ್ತಿಸಿರಲಿಲ್ಲ. ಜೀಪು ಮನೆಗೆ ಬಂದ ಮೊದಲ ವಾರ ಅಣ್ಣ ಊರ ಬಾಗಿಲ ಕಲ್ಲುಕಂಬಕ್ಕೆ ತಾಗಿಸಿಕೊಂಡಾಗ ಬಿದ್ದ ತಗ್ಗು ಅದು, ಅಂಗೈಯಷ್ಟು ಅಗಲ. ಗ್ಯಾರೇಜಿನವರು ಎಷ್ಟು ಹೇಳಿದರೂ ಅಣ್ಣ ಅದನ್ನು ಎತ್ತಿಸಲು ಬಿಟ್ಟಿರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ನೀಲಿ ತಲುಪದ ಕಡೆ ಹಳೆಯ ಹಸಿರು ಉಳಿದಿತ್ತು. ಅದರಲ್ಲಿ ಉಗುರಿನಷ್ಟು ಕೆರೆದು ಕಾಗದದಲ್ಲಿ ಮಡಿಸಿಕೊಂಡು ಬಂದೆ.

ಮೂರು ತಿಂಗಳಲ್ಲಿ ಜೀಪಿನ ಒಡಲು ತಯಾರಾಯಿತು. ಮೇಣದಲ್ಲಿ ಕೆತ್ತಿ, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ವಸಡು ಮಾಡುವ ಗುಲಾಬಿ ಪುಡಿಯನ್ನು ಕಲಸಿ ಒತ್ತಿ, ಕುದಿಯುವ ನೀರಿನಲ್ಲಿ ಗಟ್ಟಿ ಮಾಡಿ ತೆಗೆದೆ. ಬಾಗಿಲು, ಚಕ್ರ, ಸೀಟು, ಮೇಲಿನ ಕ್ಯಾರಿಯರ್ ಎಲ್ಲ ಕೂತವು. ಗುಲಾಬಿ ಬಣ್ಣ ಬಿಟ್ಟರೆ ಥೇಟ್ ಅಣ್ಣನ ಜೀಪೇ. ಆ ತಗ್ಗನ್ನು ಮಾತ್ರ ನಾನು ತಗ್ಗಾಗಿ ಕೊರೆಯಲಿಲ್ಲ. ಅದಕ್ಕೊಂದು ಕಾರಣವಿದೆ. ಇಷ್ಟು ಚಿಕ್ಕ ಅಳತೆಯಲ್ಲಿ ನಿಜವಾಗಿ ಕೊರೆದರೆ ಅದರಲ್ಲಿ ನೆರಳು ಬೀಳುವುದಿಲ್ಲ, ನೋಡುವವರಿಗೆ ತಗ್ಗು ಎಂದು ತಿಳಿಯುವುದಿಲ್ಲ. ನೆರಳನ್ನು ಬಣ್ಣದಲ್ಲೇ ಬರೆದರೆ ಕಣ್ಣು ಮೋಸಹೋಗುತ್ತದೆ. ಬಂಪರಿಗೆ ಸುತ್ತಿದ ಹಗ್ಗ, ಸ್ಟೇರಿಂಗಿಗೆ ಸುತ್ತಿದ ಪ್ಲಾಸ್ಟಿಕ್ ವೈರು, ಸೀಟಿನ ಹೊಲಿಗೆ ಎಲ್ಲವನ್ನೂ ಬಣ್ಣದಲ್ಲೇ ತೋರಿಸಬೇಕೆಂದು ತೀರ್ಮಾನಿಸಿದ್ದೆ. ಒಂದು ಕೂದಲಿನ ಬ್ರಷ್ಷು ಹಿಡಿಯಲು ನನ್ನ ಕೈಗೆ ಬರುತ್ತದೆ ಎಂಬ ಸೊಕ್ಕು ಬೇರೆ.

ಬಣ್ಣ ಹಚ್ಚಲು ಶುರು ಮಾಡುವ ಮುಂಚೆಯೇ ಅಣ್ಣ ಹುಣಸೂರಿಗೆ ಬಂದ. ಮೈಸೂರಿಗೆ ಕಣ್ಣು ತೋರಿಸಲು ಹೋಗಿ ವಾಪಸ್ಸು ಬರುವಾಗ ಅತ್ತಿಗೆಯ ಕೈ ಹಿಡಿದುಕೊಂಡು ನನ್ನ ಮೆಟ್ಟಿಲು ಹತ್ತಿದ. ಬಲಗಣ್ಣಿನಲ್ಲಿ ಇನ್ನೂ ಕಾಣುತ್ತಿತ್ತು. ಬಾಗಿಲಲ್ಲಿ ಅವನ ದನಿ ಕೇಳಿದ್ದೇ ನಾನು ಪ್ಲಾಸ್ಟರ್ ಕಲಸುವ ಬೋಸಿಯನ್ನು ಜೀಪಿನ ಮೇಲೆ ಬೋರಲು ಹಾಕಿಬಿಟ್ಟೆ.

‘ಎಲ್ಲವ್ವ ನನ್ ಗಾಡಿ?’ ಎಂದ, ಕೂರುವುದಕ್ಕೂ ಮುಂಚೆ.

‘ಬಣ್ಣ ಆಗಿಲ್ಲ ಅಣ್ಣ.’

‘ಆಗ್ದಿದ್ರೆ ಏನಂತೆ. ಆಗಿರೋವಷ್ಟ್ ತೋರ್ಸು.’

‘ಪೂಜೆ ಆಗ್ದೆ ತೋರ್ಸಾಕಿಲ್ಲ. ನೀನೇ ಮಾಡಿದ್ ಕಾನೂನು.’

ಅವನು ನಕ್ಕ. ಬೋಸಿಯ ಕಡೆ ನೋಡಿದ, ಅದನ್ನು ಎತ್ತಲು ಕೈ ಮುಂದೆ ಮಾಡಿದ. ನಾನು ಮಗುವಿನ ಕೈಗೆ ಹೊಡೆದ ಹಾಗೆ ಮೆಲ್ಲಗೆ ಒಂದು ಏಟು ಕೊಟ್ಟೆ. ಕೈ ಹಿಂದಕ್ಕೆ ತೆಗೆದುಕೊಂಡ. ಅತ್ತಿಗೆ ನನ್ನ ಮುಖವನ್ನೇ ನೋಡಿದಳು. ‘ಇನ್ನೆಷ್ಟ್ ದಿನ ಆಯ್ತದೆ?’ ಎಂದು ಅಣ್ಣ ಕೇಳಿದ. ಹದಿನೈದು ದಿನ ಎಂದೆ. ಕಾಫಿ ಕುಡಿದು ಹೋದರು. ಮೆಟ್ಟಿಲು ಇಳಿಯುವಾಗ ಅವನು ಗೋಡೆಯನ್ನು ಸವರಿಕೊಂಡು ಒಂದೊಂದೇ ಹೆಜ್ಜೆ ಇಡುವುದನ್ನು ಮೇಲಿನಿಂದ ನೋಡಿದೆ. ಆಗಲಾದರೂ ಬುದ್ಧಿ ಬರಬಾರದಿತ್ತೇ ನನಗೆ? ಬರಲಿಲ್ಲ. ಬೋಸಿ ಎತ್ತಿ ಕೆಲಸಕ್ಕೆ ಕೂತೆ.

ನನ್ನ ಕಸುಬಿನ ಒಂದು ಕ್ರಮ ಹೇಳುತ್ತೇನೆ ಕೇಳಿ. ಹಲ್ಲಿನ ಸೆಟ್ಟನ್ನು ಮೊದಲು ಮೇಣದಲ್ಲಿ ಜೋಡಿಸಿ ಡಾಕ್ಟರಿಗೆ ಕಳಿಸುತ್ತೇವೆ. ಅವರು ರೋಗಿಯ ಬಾಯಿಗೆ ಇಟ್ಟು, ಕಚ್ಚಿಸಿ, ಮಾತಾಡಿಸಿ, ಕನ್ನಡಿ ತೋರಿಸಿ, ಸರಿಯೋ ತಪ್ಪೋ ಕೇಳಿಕೊಂಡು ವಾಪಸ್ಸು ಕಳಿಸುತ್ತಾರೆ. ಆಮೇಲೆಯೇ ಮೇಣ ತೆಗೆದು ಗಟ್ಟಿ ಸೆಟ್ಟು ಮಾಡುವುದು. ಅರ್ಧ ಆದದ್ದನ್ನು ತೋರಿಸಿ, ಹಾಕಿಕೊಳ್ಳುವವರನ್ನು ಕೇಳಿಯೇ ಮುಂದಕ್ಕೆ ಹೋಗುವುದು. ಇಷ್ಟು ವರ್ಷದಲ್ಲಿ ಒಂದೇ ಒಂದು ಸೆಟ್ಟನ್ನೂ ನಾನು ಆ ಕ್ರಮ ತಪ್ಪಿಸಿ ಮಾಡಿಲ್ಲ. ಗುರುತು ಪರಿಚಯ ಇಲ್ಲದವರ ಬಾಯಿಗೆಲ್ಲ ಅಷ್ಟು ಮರ್ಯಾದೆ ಕೊಟ್ಟವಳು, ನಮ್ಮಣ್ಣನಿಗೆ ಮಾತ್ರ ಬೋಸಿ ಬೋರಲು ಹಾಕಿದೆ.

ಹದಿನೈದು ದಿನ ಎಂದದ್ದು ಎರಡು ತಿಂಗಳಾಯಿತು. ಕಾರಣ ಹಸಿರು. ಎಚ್.ಡಿ. ಕೋಟೆಯಿಂದ ಕೆರೆದು ತಂದ ಬಣ್ಣದ ಚೂರಿಗೆ ಸರಿಯಾಗಿ ಬಣ್ಣ ಬೆರೆಸಿ ಹೊಡೆದೆ. ಒಣಗಿದ ಮೇಲೆ ನೋಡಿದರೆ ಅದು ಅಣ್ಣನ ಜೀಪಲ್ಲ, ಶೋರೂಮಿನ ಜೀಪು. ಡ್ಯಾಶ್‌ಬೋರ್ಡಿನ ಕೆಳಗೆ ಬಿಸಿಲು ಬೀಳುವುದಿಲ್ಲವಲ್ಲ, ಅಲ್ಲಿ ಬಣ್ಣ ಹೊಸದಾಗಿಯೇ ಉಳಿದಿತ್ತು. ನಮಗೆ ಗೊತ್ತಿದ್ದ ಹಸಿರು ಬಿಸಿಲಿಗೆ ಬೆಂದು, ಧೂಳು ಕುಡಿದು ಬೇರೆಯೇ ಆದದ್ದು. ಕೆರೆದು ತೆಗೆದೆ. ಮತ್ತೆ ಬೆರೆಸಿದೆ. ಹಳದಿ ಜಾಸ್ತಿಯಾಯಿತು. ಮತ್ತೆ ಕೆರೆದೆ. ಹಳೆಯ ಫೋಟೊ ನೋಡಿದರೆ ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಕೊನೆಗೆ ಅಣ್ಣನಿಗೇ ಫೋನ್ ಮಾಡಿ ಕೇಳಿದೆ, ಯಾವ ಹಸಿರು ಎಂದು.

‘ವೊಗೆಸೊಪ್ಪು ಮುರ್ಯೋ ಅದಕ್ ಬತ್ತದಲ್ಲ, ಕೆಳ್ಗಿನ್ ಎಲೆ. ಅಂಗೆ’ ಎಂದ. ಅರೆಗಳಿಗೆ ಬಿಟ್ಟು, ‘ಯಾವ್ದೋ ಒಂದ್ ಅಸ್ರು ಬಳ್ದ್ ತಂದ್ಬುಡವ್ವ ಮೊಗ. ನಂಗೆ ಈಗ ಬಣ್ಣ ಎಲ್ಲ ಒಂದೇ ಥರ ಕಾಣ್ತದೆ’ ಎಂದ.

ಮೊದಲನೆಯ ಮಾತು ನನ್ನ ಕಿವಿಗೆ ಬಿತ್ತು, ಎರಡನೆಯದು ಬೀಳಲಿಲ್ಲ. ಹಾರನಹಳ್ಳಿಯ ಕಡೆಯಿಂದ ಬರುವ ಒಬ್ಬ ಕಂಡಕ್ಟರಿಗೆ ಹೇಳಿ ಹದಕ್ಕೆ ಬಂದ ಹೊಗೆಸೊಪ್ಪಿನ ಎಲೆ ತರಿಸಿಕೊಂಡೆ. ಮೇಜಿನ ಮೇಲೆ ಹರಡಿಕೊಂಡು ಅದರ ಪಕ್ಕದಲ್ಲಿ ಬಣ್ಣ ಬೆರೆಸಿದೆ. ಆರನೆಯ ಸಲಕ್ಕೆ ಸಿಕ್ಕಿತು ಹಸಿರು. ಕೋಣೆಯಲ್ಲಿ ಒಬ್ಬಳೇ ಕೂತು ಚಪ್ಪಾಳೆ ತಟ್ಟಿಕೊಂಡೆ. ಮುಂದಿನ ಹತ್ತು ದಿನದಲ್ಲಿ ಮಡ್ಗಾರ್ಡಿನ ತಗ್ಗು, ಬಂಪರಿನ ಹಗ್ಗ, ಸೀಟಿನ ಹರಕು ಎಲ್ಲ ಬಣ್ಣದಲ್ಲಿ ಮೂಡಿದವು. ಕಿಟಕಿಯ ಬೆಳಕಿನಲ್ಲಿ ಇಟ್ಟು ನೋಡಿದರೆ ಆ ತಗ್ಗಿಗೆ ಬೆರಳು ಹಾಕಬೇಕು ಅನ್ನಿಸುತ್ತಿತ್ತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ.

ಕೊನೆಯ ಪಾಲಿಶ್ ಒಣಗುತ್ತಿರುವಾಗ ಅತ್ತಿಗೆಯ ಫೋನ್ ಬಂತು. ‘ಬೆಳಿಗ್ಗೆ ಎದ್ದೋರು, ಇನ್ನೂ ಕತ್ಲು ಅದಲ್ಲ, ಲೈಟಾಕು ಅಂದ್ರು ಕಣವ್ವ. ಬಿಸ್ಲು ಬಂದಿತ್ತು’ ಎಂದಳು. 

ಮತ್ತೆ ಮೈಸೂರು. ಬಲಗಣ್ಣಿಗೆ ಆಪರೇಷನ್ ಮಾಡಿದರು. ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಬಾಗಿಲು ತೆರೆದರೆ ಬೆಳಕು ಬಂತು ಎಂದು ತಿಳಿಯುತ್ತದೆ, ಅಷ್ಟೇ ಉಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಲೆಕ್ಕ. ಜೀಪು ಗುಲಾಬಿ ಬಣ್ಣದಲ್ಲಿ ಪೂರ್ತಿ ನಿಂತು ಎರಡು ತಿಂಗಳ ಮೇಲಾಗಿತ್ತು.

ಮನೆಗೆ ಕರೆತಂದು ಒಂದು ವಾರವಾದ ಮೇಲೆ ಜೀಪನ್ನು ಹತ್ತಿಯಲ್ಲಿ ಸುತ್ತಿ, ಚಪ್ಪಲಿ ಡಬ್ಬಿಯಲ್ಲಿಟ್ಟು, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹಾರನಹಳ್ಳಿಗೆ ಹೋದೆ. ಯಾಕೆ ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಅಣ್ಣ ಜಗಲಿಯ ಮೇಲೆ ಕೂತಿದ್ದ. ನಾನು ಬಂದದ್ದು ತಿಳಿದು ಮುಖ ಎತ್ತಿದ, ಆದರೆ ನಾನಿರುವ ಕಡೆಗೆ ಅಲ್ಲ.

‘ತಂದ್ಯಾ?’ ಎಂದ.

ಪೂಜೆ ಮಾಡಬೇಕೆಂದು ಅವನೇ ಹಟ ಹಿಡಿದ. ಅತ್ತಿಗೆ ಸುಂಡೆಕಾಯಿ ತಂದಳು, ನಾನು ಚಕ್ರದ ಕೆಳಗೆ ಇಟ್ಟೆ, ಅವನ ಬೆರಳನ್ನು ಹಿಡಿದು ಬಾನೆಟ್ಟಿನ ಮೇಲೆ ಇರಿಸಿದೆ. ಒತ್ತಿದ. ಸದ್ದು ಕೇಳಿ ಅವನ ಮುಖ ಅರಳಿತು. ಆಮೇಲೆ ಜೀಪನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಸವರತೊಡಗಿದ. ಚಕ್ರ ಮುಟ್ಟಿದ, ಬಾಗಿಲು ತೆಗೆದು ಹಾಕಿದ, ಕ್ಯಾರಿಯರಿನ ಸರಳು ಎಣಿಸಿದ. ಬಂಪರಿಗೆ ಬಂದು ಬೆರಳು ನಿಂತಿತು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಿಸಿದ. ಹಗ್ಗ ಹುಡುಕುತ್ತಿದ್ದಾನೆ ಎಂದು ನನಗೆ ತಿಳಿಯಿತು. ಎಡಗಡೆಯ ಮಡ್ಗಾರ್ಡಿಗೆ ಬಂದ. ಹೆಬ್ಬೆರಳನ್ನು ಆ ಜಾಗಕ್ಕೇ ನೆಟ್ಟಗೆ ಇಟ್ಟ, ಕಣ್ಣಿದ್ದವರು ಇಟ್ಟ ಹಾಗೆ. ಉಜ್ಜಿದ. ಮತ್ತೆ ಉಜ್ಜಿದ.

‘ನನ್ ತಗ್ಗು ಎಲ್ಲವ್ವ?’

‘ಅಲ್ಲೇ ಅದೆ ಅಣ್ಣ. ನಿನ್ ಬೆರಳ್ ಕೆಳ್ಗೇ.’

‘ನುಣ್ಗದಲ್ಲ.’

ಬಣ್ಣದಲ್ಲಿ ಬರೆದಿದ್ದೇನೆ ಎಂದು ಹೇಳಲೇಬೇಕಾಯಿತು. ಹಗ್ಗವೂ ಬಣ್ಣವೇ, ಸ್ಟೇರಿಂಗಿನ ವೈರೂ ಬಣ್ಣವೇ ಎಂದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಯಿತು. ಅವನು ತಲೆಯಾಡಿಸಿದ. ‘ಕಣ್ಣಿರೋರ್ಗೆ ಕಾಣ್ತದಲ್ಲ, ಬುಡು’ ಎಂದ. ಸಮಾಧಾನಕ್ಕೇ ಅಂದದ್ದು, ಚುಚ್ಚಲು ಅಲ್ಲ. ನಮ್ಮಣ್ಣನಿಗೆ ಚುಚ್ಚಿ ಮಾತಾಡಲು ಬರುವುದಿಲ್ಲ, ಆ ಗುಣ ಮನೆಯಲ್ಲಿ ಪೂರ್ತಿ ನನಗೇ ಬಂದಿದೆ. ಜೀಪನ್ನು ಅತ್ತಿಗೆಯ ಕೈಗೆ ಕೊಟ್ಟು, ‘ಎಂಗದೆ ಯೋಳು’ ಎಂದ. ಅತ್ತಿಗೆ, ‘ನಿಮ್ ಗಾಡೀನೇ ಕಣ್ರೀ, ಥೇಟ್ ನಿಮ್ದೇ’ ಎಂದಳು. ‘ಅಂಗಾ’ ಎಂದ. ಬೇರೆಯವರ ಮನೆಯ ಮದುವೆ ಸುದ್ದಿ ಕೇಳಿದವನಂತೆ ‘ಅಂಗಾ’ ಎಂದ.

ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅತ್ತಿಗೆ ಹಿಂದೆಯೇ ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ‘ಅವತ್ತು ನಿನ್ನಂಗ್ಡಿಯಿಂದ ಬರ್ಬೇಕಾದ್ರೆ ಬಸ್ಸಲ್ಲಿ ಎಲ್ಲಾರ್ಗೂ ಯೋಳವ್ರೆ ಕಣವ್ವ, ನಮ್ ತಂಗಿ ಜೀಪ್ ಮಾಡವ್ಳೆ, ಇನ್ನ ಅದ್ನೈದ್ ದಿನ ಅಂತ. ಅದ್ನೈದ್ ದಿನಾನೂ ಬೆರಳ್ ಮಡ್ಸೋರು’ ಎಂದಳು. ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಪಕ್ಕದಲ್ಲೇ ಕೂತಳು.

ಹುಣಸೂರಿಗೆ ಬಂದ ಮೇಲೆ ಒಂದು ತಿಂಗಳು ಆ ಮೇಜಿನ ಹತ್ತಿರ ಹೋಗಲಿಲ್ಲ. ಹಲ್ಲು ಮಾಡಿದೆ, ಕಳಿಸಿದೆ, ಮಲಗಿದೆ. ಆಮೇಲೆ ಒಂದು ದಿನ ಹಳೆಯ ಅಚ್ಚನ್ನು ಕೆಳಗಿಳಿಸಿ ಇನ್ನೊಂದು ಜೀಪು ಒತ್ತಿದೆ. ಈ ಸಲ ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಮಾಡಿದೆ. ಉತ್ಪ್ರೇಕ್ಷೆಯಲ್ಲ, ದುಪಟ್ಟಾವನ್ನು ಕಣ್ಣಿಗೆ ಕಟ್ಟಿಕೊಂಡು ಬೆರಳಲ್ಲೇ ನೋಡಿ ನೋಡಿ ತಿದ್ದಿದೆ. ತಗ್ಗನ್ನು ನಿಜವಾಗಿಯೇ ಕೊರೆದೆ, ಅಳತೆಗಿಂತ ಸ್ವಲ್ಪ ಆಳವಾಗಿಯೇ, ಹೆಬ್ಬೆರಳಿಗೆ ಸ್ಪಷ್ಟವಾಗಿ ಸಿಗಬೇಕಲ್ಲ. ಬಂಪರಿಗೆ ನೂಲನ್ನು ಹುರಿ ಮಾಡಿ ಸುತ್ತಿದೆ. ಕೆಟ್ಟುಹೋದ ಇಯರ್‌ಫೋನಿನ ವೈರನ್ನು ಬಿಡಿಸಿ ಅದರ ಎಳೆಯನ್ನು ಸ್ಟೇರಿಂಗಿಗೆ ಸುತ್ತಿದೆ. ಸೀಟಿನ ಹರಕಿನಿಂದ ಹತ್ತಿಯ ಎಳೆ ಹೊರಗೆ ಬರುವಂತೆ ಮಾಡಿದೆ. ಹಿಂದಿನ ಮೆಟ್ಟಿಲನ್ನು ಬಗ್ಗಿಸಿದೆ. ಬಣ್ಣ ಹಚ್ಚಲಿಲ್ಲ. ಬಣ್ಣ ಕೂತರೆ ಸಣ್ಣ ಗೆರೆಗಳೆಲ್ಲ ತುಂಬಿಹೋಗುತ್ತವೆ, ಬೆರಳಿಗೆ ಸಿಗುವುದಿಲ್ಲ. ಗುಲಾಬಿ ಜೀಪು ಗುಲಾಬಿಯಾಗಿಯೇ ಉಳಿಯಿತು. ಅರ್ಧಕ್ಕೇ ಒಂದು ಸಲ, ಮುಕ್ಕಾಲಿಗೆ ಒಂದು ಸಲ ಹಾರನಹಳ್ಳಿಗೆ ಹೋಗಿ ತೋರಿಸಿ ಬಂದೆ. ಬುದ್ಧಿ ಬಂದದ್ದು ಹಾಗೆ, ಎಲ್ಲ ಮುಗಿದ ಮೇಲೆ.

ಪೂರಾ ಆದದ್ದನ್ನು ಹೋದ ತಿಂಗಳು ಕೊಟ್ಟುಬಂದೆ. ಅಣ್ಣ ಜಗಲಿಯ ಮೇಲೆ ಅದನ್ನು ತೊಡೆಗೆ ಏರಿಸಿಕೊಂಡ. ಹೆಬ್ಬೆರಳಿನ ತುದಿ ತಗ್ಗಿನೊಳಗೆ ಕೂತಿತು. ಅವನು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಹಗ್ಗವನ್ನು ಉಗುರಿನಲ್ಲಿ ಮೀಟಿದ. ಬಗ್ಗಿದ ಮೆಟ್ಟಿಲು ಸಿಕ್ಕಾಗ ಜೋರಾಗಿ ನಕ್ಕ, ಅದರ ಮೇಲೆ ನಿಲ್ಲುತ್ತಿದ್ದ ದಪ್ಪ ಹೆಂಗಸೊಬ್ಬಳ ಕಥೆ ಹೇಳಿದ. ಸ್ಟೇರಿಂಗನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ, ಮುಂದಿನ ಚಕ್ರ ತಿರುಗಿತು. ಎಷ್ಟೋ ತಿಂಗಳ ಮೇಲೆ ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು.

ಒಳಗಿನಿಂದ ಟೀ ತಂದ ಅತ್ತಿಗೆ ನೋಡಿ, ‘ಇದ್ಕೆ ಬಣ್ಣ ಆಕೇ ಇಲ್ವಲ್ಲವ್ವ’ ಎಂದಳು.

‘ಬಣ್ಣ ಆಕಿಲ್ವಾ?’ ಎಂದು ಅಣ್ಣ ಕೇಳಿದ.

‘ಇಲ್ಲ ಅಣ್ಣ. ಆಕಿದ್ರೆ ಸಣ್ಪುಟ್ಟದ್ದೆಲ್ಲ ಮುಚ್ಚೋಯ್ತದೆ, ನಿನ್ ಕೈಗೆ ಸಿಕ್ಕಾಕಿಲ್ಲ.’

ಅವನು ಜೀಪನ್ನು ಇನ್ನೊಂದು ಸಲ ಮುಂದಿನಿಂದ ಹಿಂದಿನವರೆಗೂ ಸವರಿದ. ಈ ಸಲ ಬಹಳ ನಿಧಾನವಾಗಿ.

‘ಅವತ್ತು ನಿನ್ನಂಗ್ಡೀಲಿ ಬೋಸಿ ಮುಚ್ಚಿದ್ಯಲ್ಲ. ಅದ್ರ್ ಕೆಳ್ಗೆ ಇದ್ದಿದ್ದು ಇಂಗೇ ಇತ್ತಾ?’

ಇಲ್ಲ, ಇಷ್ಟು ಆಗಿರಲಿಲ್ಲ, ಬರೀ ತುಂಡುಗಳಿದ್ದವು ಎಂದು ಹೇಳಿಬಿಡಬಹುದಿತ್ತು. ಅವನಿಗೆ ಗೊತ್ತಾಗುತ್ತಿರಲಿಲ್ಲ. 

‘ಊಂ ಅಣ್ಣ. ಬಾಗ್ಲು ಚಕ್ರ ಎಲ್ಲ ಆಗಿತ್ತು. ಇಂಗೇ ನಿಂತಿತ್ತು.’

ಅವನು ಜೀಪಿನ ಬಾಗಿಲನ್ನು ಒಮ್ಮೆ ತೆಗೆದು ಹಾಕಿದ. ಆಮೇಲೆ ಹೇಳಿದ:

‘ಇಷ್ಟಾಗಿತ್ತಾ. ಇಷ್ಟೇ ಸಾಕಾಗಿತ್ತಲ್ಲವ್ವ ನಂಗೆ.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಅತ್ತಿಗೆ ಟೀ ಲೋಟವನ್ನು ಅವನ ಕೈಗೆ ಹುಡುಕಿ ಕೊಟ್ಟಳು. ಅವನು ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಜೀಪು ಹಿಡಿದುಕೊಂಡು ಕೂತ. ನಾನು ಎದುರಿಗೆ ಕೂತು ನನ್ನ ಪಾಲಿನ ಟೀ ಕುಡಿದೆ, ಬಸ್ಸಿನ ಹೊತ್ತಾಗುವವರೆಗೂ.